ಡಿಎಸ್‌ಎನ್, ಕನೆಕ್ಷನ್ ಸ್ಟ್ರಿಂಗ್: ದೋಷ ಹುಡುಕಲು ಯಾವುದು ಮೇಲು?

ವಿಂಡೋಸ್ ಕಂಪ್ಯೂಟರಿನಿಂದ ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸ್‌ಗೆ ಒಡಿಬಿಸಿ (ಪ್ರೋಗ್ರಾಮುಗಳನ್ನು ಡೇಟಾಬೇಸ್‌ಗೆ ಬೆಸೆಯುವ ವ್ಯವಸ್ಥೆ) ಮೂಲಕ ಸಂಪರ್ಕ ಸಿಗದಿದ್ದಾಗ ನಾನು ಎರಡೂ ದಾರಿ ಹಿಡಿದು ನೋಡಿದ್ದೇನೆ: ಸೆಟ್ಟಿಂಗ್‌ಗಳಿಗೆ ಹೆಸರು ಕೊಟ್ಟು ಉಳಿಸುವ ಡಿಎಸ್‌ಎನ್ ಒಂದು, ಎಲ್ಲವನ್ನೂ ಒಂದೇ ಸಾಲಿನಲ್ಲಿ ಬರೆಯುವ ಕನೆಕ್ಷನ್ ಸ್ಟ್ರಿಂಗ್ ಇನ್ನೊಂದು. ದೋಷ ಹುಡುಕಲು ಎರಡನೆಯದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಡಿಎಸ್‌ಎನ್‌ನ ದೊಡ್ಡ ಅನುಕೂಲ ಅದರ ಟೆಸ್ಟ್ ಬಟನ್. ಅಲ್ಲಿ ಸಂಪರ್ಕ ಸಿಕ್ಕಿತೆಂದರೆ ನೆಟ್‌ವರ್ಕ್, ಸರ್ವರ್, ಲಾಗಿನ್ ಮೂರೂ ಸರಿಯಿವೆ. ಆದರೂ ಪ್ರೋಗ್ರಾಮ್ ‘ಐಎಂ002’ ಎಂಬ ದೋಷಸಂಕೇತ ತೋರಿಸಿದರೆ ಅದಕ್ಕೆ ಆ ಡಿಎಸ್‌ಎನ್ ಕಂಡೇ ಇಲ್ಲ. ಹೆಸರಿನ ಅಕ್ಷರಗಳು ಸರಿಯಿದ್ದರೆ ಮೊದಲು ಖಾತೆಯನ್ನು ನೋಡಿ. ಯೂಸರ್ ಡಿಎಸ್‌ಎನ್ ಅದನ್ನು ರಚಿಸಿದ ಖಾತೆಗೆ ಮಾತ್ರ ಕಾಣುತ್ತದೆ; ಬೇರೆ ಖಾತೆಯಲ್ಲಿ ಹಿನ್ನೆಲೆಯಲ್ಲಿ ಓಡುವ ಸರ್ವಿಸ್‌ಗೆ ಎಲ್ಲ ಖಾತೆಗಳಿಗೂ ಕಾಣುವ ಸಿಸ್ಟಮ್ ಡಿಎಸ್‌ಎನ್ ಬೇಕು. ಆಮೇಲೆ 32 ಮತ್ತು 64 ಬಿಟ್‌ಗಳ ತೊಡಕು. 64 ಬಿಟ್ ವಿಂಡೋಸ್‌ನಲ್ಲಿ ಡಿಎಸ್‌ಎನ್ ರಚಿಸುವ ಸಾಧನವಾದ, ಸಿಸ್ಟಮ್32 ಫೋಲ್ಡರಿನ ‘ಒಡಿಬಿಸಿಎಡಿ32’ ಇರುವುದು 64 ಬಿಟ್‌ಗೆ, ಸಿಸ್‌ವಾವ್64 ಫೋಲ್ಡರಿನದು 32 ಬಿಟ್‌ಗೆ! ಯಾವುದನ್ನು ತೆರೆಯಬೇಕೆಂದು ನಿರ್ಧರಿಸುವುದು ವಿಂಡೋಸ್ ಅಲ್ಲ, ಸಂಪರ್ಕ ಕೇಳುತ್ತಿರುವ ಪ್ರೋಗ್ರಾಮ್. ‘ಐಎಂ014’ ಬಂದರಂತೂ ಬಿಟ್ ಹೊಂದುತ್ತಿಲ್ಲ ಎಂದೇ ಅರ್ಥ.

ಕನೆಕ್ಷನ್ ಸ್ಟ್ರಿಂಗ್‌ನಲ್ಲಿ ಡಿಎಸ್‌ಎನ್ ಯಾರ ಖಾತೆಯಲ್ಲಿದೆ ಎಂಬ ಗೊಂದಲವಿಲ್ಲ. ಬಿಟ್ ಮಾತ್ರ ಇಲ್ಲೂ ಹೊಂದಬೇಕು, ಡೇಟಾಬೇಸ್ ಜೊತೆ ಮಾತಾಡುವ ತಂತ್ರಾಂಶವಾದ ಡ್ರೈವರ್‌ನ ಹೆಸರು ಕಂಪ್ಯೂಟರಿನ ಡ್ರೈವರ್ ಪಟ್ಟಿಯಲ್ಲಿರುವಂತೆಯೇ ಇರಬೇಕು. ಪವರ್‌ಶೆಲ್‌ನ ‘ಗೆಟ್-ಒಡಿಬಿಸಿಡ್ರೈವರ್’ ಆಜ್ಞೆ ಎರಡನ್ನೂ ತೋರಿಸುತ್ತದೆ. ಒಂದೊಂದೇ ಅಂಶ ಬದಲಿಸಿ ನೋಡುವುದು ಇಲ್ಲಿ ಎಷ್ಟು ಸಲೀಸು! ಇನ್‌ಸ್ಟೆನ್ಸ್ (ಒಂದೇ ಕಂಪ್ಯೂಟರಿನಲ್ಲಿ ಓಡುವ ಎಸ್‌ಕ್ಯೂಎಲ್ ಸರ್ವರ್‌ಗಳಲ್ಲಿ ಒಂದು) ಹೆಸರಿನಿಂದ ಸಿಗದ ಸಂಪರ್ಕ, ಸರ್ವರ್ ಹೆಸರಿನ ನಂತರ ಅಲ್ಪವಿರಾಮ ಹಾಕಿ ಪೋರ್ಟ್ ಸಂಖ್ಯೆ ಬರೆದಾಗ ಸಿಕ್ಕರೆ ಡ್ರೈವರ್ ನಿರ್ದೋಷಿ. ಇನ್‌ಸ್ಟೆನ್ಸ್‌ನ ಪೋರ್ಟ್ ತಿಳಿಸುವ ಎಸ್‌ಕ್ಯೂಎಲ್ ಸರ್ವರ್ ಬ್ರೌಸರ್ ಸರ್ವಿಸ್ ನಿಂತಿದೆಯೇ, ಅದು ಬಳಸುವ ಯುಡಿಪಿ 1434 ಪೋರ್ಟನ್ನು ಫೈರ್‌ವಾಲ್ ತಡೆದಿದೆಯೇ ಎಂದು ನೋಡಬೇಕು. ಡ್ರೈವರ್‌ನ ಆವೃತ್ತಿ 17ರಿಂದ 18ಕ್ಕೆ ಬಂದ ಕೂಡಲೇ ಪ್ರಮಾಣಪತ್ರದ ದೋಷ ಕಂಡರೂ ಗಾಬರಿ ಬೇಡ. 18ರಲ್ಲಿ ಎನ್‌ಕ್ರಿಪ್ಷನ್ ತಾನಾಗಿಯೇ ಕಡ್ಡಾಯ, ಹಾಗಾಗಿ ಸರ್ವರ್‌ನ ಪ್ರಮಾಣಪತ್ರದ ಪರಿಶೀಲನೆಯೂ ನಡೆಯುತ್ತದೆ. ಪ್ರಮಾಣಪತ್ರವನ್ನು ಪರಿಶೀಲಿಸದೆ ನಂಬುವ ‘ಟ್ರಸ್ಟ್‌ಸರ್ವರ್‌ಸರ್ಟಿಫಿಕೇಟ್’ ಸೆಟ್ಟಿಂಗ್‌ಗೆ ‘ಯೆಸ್’ ಕೊಟ್ಟರೆ ಕಾರಣ ಅದೇ ಹೌದೋ ಅಲ್ಲವೋ ತಿಳಿಯುತ್ತದೆ. ಅದನ್ನು ಹಾಗೆಯೇ ಬಿಡಬಾರದು. ನಂಬಲರ್ಹ ಪ್ರಮಾಣಪತ್ರ ಅಳವಡಿಸುವುದೇ ನಿಜವಾದ ಪರಿಹಾರ.

ಪಾಸ್‌ವರ್ಡ್ ಬಯಲಾಗಿ ಕಾಣುವುದು ಸ್ಟ್ರಿಂಗ್‌ನ ದೊಡ್ಡ ಕೊರತೆ. ಸಾಧ್ಯವಿದ್ದಲ್ಲೆಲ್ಲ ವಿಂಡೋಸ್ ಲಾಗಿನ್ ಬಳಸಿ. ಹಲವು ಪ್ರೋಗ್ರಾಮುಗಳು ಒಂದೇ ಡೇಟಾಬೇಸ್ ಬಳಸುವ ಕಡೆ, ದೋಷ ಸಿಕ್ಕ ಬಳಿಕ ಅದೇ ಸೆಟ್ಟಿಂಗ್‌ಗಳನ್ನು ಸಿಸ್ಟಮ್ ಡಿಎಸ್‌ಎನ್‌ಗೆ ಹಾಕುತ್ತೇನೆ. ಸರ್ವರ್ ಬದಲಾದ ದಿನ ಒಂದೇ ಕಡೆ ತಿದ್ದಿದರೆ ಸಾಕು.