ಮಾನಿಟರ್ ಇಲ್ಲದೆ ಡಿಸ್‌ಪ್ಲೇ ಪರೀಕ್ಷೆ: ವಿಕೆಎಂಎಸ್, ವರ್ಟಿಯೊ-ಜಿಪಿಯು, ಇವಿಡಿಐ

ಮಾನಿಟರ್ ಜೋಡಿಸದ ಯಂತ್ರದಲ್ಲಿ ಲಿನಕ್ಸ್ ಕರ್ನೆಲ್‌ನ ಡಿಸ್‌ಪ್ಲೇ ಕೋಡನ್ನು ಓಡಿಸಿ ನೋಡಲು ನಾನು ನಾಲ್ಕು ದಾರಿಗಳನ್ನು ಬಳಸಿದ್ದೇನೆ: ಕರ್ನೆಲ್‌ನಲ್ಲಿಯೇ ಇರುವ ವರ್ಚುವಲ್ ಡಿಸ್‌ಪ್ಲೇ ಡ್ರೈವರ್ ವಿಕೆಎಂಎಸ್, ವರ್ಚುವಲ್ ಯಂತ್ರಗಳನ್ನು ಓಡಿಸುವ ಕ್ಯೂಇಎಂಯು ಒದಗಿಸುವ ಗ್ರಾಫಿಕ್ಸ್ ಸಾಧನ ವರ್ಟಿಯೊ-ಜಿಪಿಯು, ಕರ್ನೆಲ್‌ನ ಹೊರಗೆ ಬೆಳೆಯುತ್ತಿರುವ ಇವಿಡಿಐ, ಮತ್ತು ನಿಜವಾದ ಗ್ರಾಫಿಕ್ಸ್ ಕಾರ್ಡಿನ ಖಾಲಿ ಪೋರ್ಟ್‌ಗೆ ಮಾನಿಟರ್ ಇದೆಯೆಂದು ಕರ್ನೆಲ್ಲನ್ನು ನಂಬಿಸುವ ಉಪಾಯ. ಮೆಮೊರಿಯಲ್ಲಷ್ಟೇ ಚಿತ್ರ ಬಿಡಿಸುವ ಎಕ್ಸ್‌ವಿಎಫ್‌ಬಿಯಂಥ ಸಾಧನಗಳು ಕರ್ನೆಲ್‌ನ ಗ್ರಾಫಿಕ್ಸ್ ಭಾಗವಾದ ಡಿಆರ್‌ಎಂ ಪದರವನ್ನು ಮುಟ್ಟುವುದೇ ಇಲ್ಲವಾದ್ದರಿಂದ ಅವನ್ನು ಇಲ್ಲಿ ಪರಿಗಣಿಸಿಲ್ಲ. ನನಗೆ ಬೇಕಿದ್ದುದು ಎರಡು ಪ್ರಶ್ನೆಗಳಿಗೆ ಉತ್ತರ. ಅಟಾಮಿಕ್ ಕಮಿಟ್ (ಪರದೆಯ ಬದಲಾವಣೆಗಳನ್ನೆಲ್ಲ ಒಂದೇ ಸಲಕ್ಕೆ ಜಾರಿಗೊಳಿಸುವ ಕೋರಿಕೆ) ಸರಿಯಾದ ಹೊತ್ತಿಗೆ ಮುಗಿಯುತ್ತದೆಯೇ, ಮತ್ತು ಮುಗಿದಾಗ ಪರದೆಯ ಮೇಲೆ ಇರಬೇಕಾದ ಪಿಕ್ಸೆಲ್‌ಗಳೇ ಇವೆಯೇ. ಎರಡನೆಯ ಪ್ರಶ್ನೆಯನ್ನು ಬಿಟ್ಟುಬಿಟ್ಟರೆ ನಾಲ್ಕೂ ದಾರಿಗಳು ಹೆಚ್ಚುಕಡಿಮೆ ಒಂದೇ ಎನಿಸುತ್ತವೆ. ಅದನ್ನು ಸೇರಿಸಿಕೊಂಡ ಕೂಡಲೇ ಅವುಗಳ ನಡುವಿನ ಅಂತರ ದೊಡ್ಡದಾಗುತ್ತದೆ.

ವಿಕೆಎಂಎಸ್ 2018ರಲ್ಲಿ 4.19ನೇ ಆವೃತ್ತಿಯೊಂದಿಗೆ ಕರ್ನೆಲ್‌ಗೆ ಬಂದಿತು. ಅದನ್ನು ಸಿದ್ಧಗೊಳಿಸುವುದು ಸುಲಭ: ಕರ್ನೆಲ್ ಕಾನ್ಫಿಗರೇಶನ್‌ನಲ್ಲಿ ಅದನ್ನು ಮಾಡ್ಯೂಲ್ ಆಗಿ ಆಯ್ದುಕೊಂಡು, ಬಿಲ್ಡ್ ಮಾಡಿ, ಮಾಡ್‌ಪ್ರೋಬ್ ಮೂಲಕ ಲೋಡ್ ಮಾಡಿದರೆ ಡಿಆರ್‌ಐ ಡೈರೆಕ್ಟರಿಯಲ್ಲಿ ಹೊಸ ಕಾರ್ಡ್ ಒಂದು ಕಾಣಿಸಿಕೊಳ್ಳುತ್ತದೆ. ಅದರಲ್ಲಿ ಸದಾ ಜೋಡಣೆಯಾಗಿಯೇ ಇರುವ ಒಂದು ವರ್ಚುವಲ್ ಕನೆಕ್ಟರ್ ಇರುತ್ತದೆ ಮತ್ತು 1024×768 ಅದರ ಆದ್ಯತೆಯ ಮೋಡ್ ಆಗಿರುತ್ತದೆ. ಕರ್ಸರ್ ಪ್ಲೇನ್ (ಪ್ಲೇನ್ ಎಂದರೆ ಪರದೆಯ ಚಿತ್ರದ ಒಂದು ಪದರ) ಮತ್ತು ರೈಟ್‌ಬ್ಯಾಕ್ ಕನೆಕ್ಟರ್ ತಾವಾಗಿಯೇ ಸಿಗುತ್ತವೆ, ಆದರೆ ಓವರ್‌ಲೇ ಪ್ಲೇನ್‌ಗಳು ಬೇಕಿದ್ದರೆ ಲೋಡ್ ಮಾಡುವಾಗಲೇ ಮಾಡ್ಯೂಲ್ ಪ್ಯಾರಾಮೀಟರ್ ಮೂಲಕ ಕೇಳಿಕೊಳ್ಳಬೇಕು. ಕೇಳಿದರೆ ಎಂಟು ಓವರ್‌ಲೇ ಪ್ಲೇನ್‌ಗಳು ದೊರೆಯುತ್ತವೆ. ಅಷ್ಟು ಓವರ್‌ಲೇಗಳನ್ನು ಒಟ್ಟಿಗೆ ಕೊಡುವ ಹಾರ್ಡ್‌ವೇರ್ ಎಲ್ಲರ ಮೇಜಿನ ಮೇಲೂ ಇರುವುದಿಲ್ಲ ಎಂಬುದನ್ನು ಗಮನಿಸಿದರೆ, ಕಂಪೋಸಿಟರ್ (ಕಿಟಕಿಗಳನ್ನು ಒಂದೇ ಪರದೆಯ ಚಿತ್ರವಾಗಿ ಸೇರಿಸುವ ಪ್ರೋಗ್ರಾಂ) ಬರೆಯುವವರಿಗೆ ಇದೊಂದೇ ಕಾರಣ ಸಾಕು.

ಪಿಕ್ಸೆಲ್‌ಗಳ ಪ್ರಶ್ನೆಗೆ ವಿಕೆಎಂಎಸ್ ಎರಡು ಬಗೆಯಲ್ಲಿ ಉತ್ತರ ಕೊಡುತ್ತದೆ. ಕರ್ನೆಲ್‌ನ ಡಿಬಗ್ ಕಡತಗಳಿರುವ ಡಿಬಗ್‌ಎಫ್‌ಎಸ್‌ನಲ್ಲಿ ವಿಕೆಎಂಎಸ್‌ನ ಸಿಆರ್‌ಟಿಸಿಯ (ಪ್ಲೇನ್‌ಗಳನ್ನು ಸೇರಿಸಿ ಪರದೆಗೆ ಕಳುಹಿಸುವ ಘಟಕ) ಸಿಆರ್‌ಸಿ, ಅಂದರೆ ಚೆಕ್‌ಸಮ್, ನಿಯಂತ್ರಣ ಕಡತಕ್ಕೆ ‘ಆಟೊ’ ಎಂಬ ಪದವನ್ನು ಬರೆದು ಡೇಟಾ ಕಡತವನ್ನು ತೆರೆದರೆ, ಪ್ರತಿ ಫ್ರೇಮ್‌ಗೂ ಎಲ್ಲ ಪ್ಲೇನ್‌ಗಳನ್ನು ಕರ್ಸರ್ ಸಮೇತ ಸೇರಿಸಿದ ಚಿತ್ರದ ಚೆಕ್‌ಸಮ್ ಬರತೊಡಗುತ್ತದೆ. ಚೆಕ್‌ಸಮ್ ತಪ್ಪಿದೆ ಎಂದಷ್ಟೇ ತಿಳಿದರೆ ಸಾಲದು, ಎಲ್ಲಿ ತಪ್ಪಿದೆ ಎಂದು ಕಣ್ಣಾರೆ ನೋಡಬೇಕು ಎನ್ನುವಾಗ ರೈಟ್‌ಬ್ಯಾಕ್ ಕನೆಕ್ಟರ್ ಮೂಲಕ ಅದೇ ಚಿತ್ರವನ್ನು ಬಫರ್‌ಗೆ ಬರೆಸಿಕೊಳ್ಳಬಹುದು. ಇಲ್ಲಿ ಒಂದು ಸೂಕ್ಷ್ಮವಿದೆ: ಸಿಆರ್‌ಸಿಯನ್ನಾಗಲಿ ರೈಟ್‌ಬ್ಯಾಕನ್ನಾಗಲಿ ಯಾರೂ ಕೇಳದಿದ್ದಾಗ ವಿಕೆಎಂಎಸ್ ಪ್ಲೇನ್‌ಗಳನ್ನು ಸೇರಿಸುವ ಕೆಲಸವನ್ನೇ ಮಾಡುವುದಿಲ್ಲ. ಹಾಗಾಗಿ ಕಂಪೋಸಿಟರ್ ಅದರ ಮೇಲೆ ದಿನವಿಡೀ ತೊಂದರೆಯಿಲ್ಲದೆ ಓಡಿತು ಎಂಬುದರಿಂದ ಕಮಿಟ್‌ಗಳು ಸಾಗಿದವು ಎಂದು ಹೇಳಬಹುದೇ ಹೊರತು, ಒಂದಾದರೂ ಪಿಕ್ಸೆಲನ್ನು ಯಾರಾದರೂ ಓದಿದರು ಎಂದು ಹೇಳಲಾಗದು. ಈ ಡ್ರೈವರ್ ಮೇಲೆ ‘ಪಾಸ್ ಆಯಿತು’ ಎಂದು ಬರೆದಿರುವ ವರದಿಗಳನ್ನು ಓದುವಾಗ ನಾನು ಮೊದಲು ಹುಡುಕುವುದು ಇದನ್ನೇ.

ಸಮಯದ ವಿಷಯಕ್ಕೆ ಬಂದರೆ, ವಿಕೆಎಂಎಸ್ ಹೈ-ರೆಸಲ್ಯೂಶನ್ ಟೈಮರ್ ಬಳಸಿ ವಿಬ್ಲ್ಯಾಂಕ್ ಘಟನೆಗಳನ್ನು (ಎರಡು ಫ್ರೇಮ್‌ಗಳ ನಡುವಿನ ಬಿಡುವಿನ ಸೂಚನೆಗಳನ್ನು) ಅನುಕರಿಸುತ್ತದೆ. 60 ಹರ್ಟ್ಸ್ ಮೋಡ್‌ನಲ್ಲಿ ಸುಮಾರು 16.7 ಮಿಲಿಸೆಕೆಂಡಿಗೊಮ್ಮೆ ಘಟನೆ ಬರುತ್ತದೆ, ಪೇಜ್ ಫ್ಲಿಪ್ (ಹೊಸ ಚಿತ್ರದ ಬಫರ್‌ಗೆ ಬದಲಾಯಿಸುವುದು) ಅದಕ್ಕಾಗಿ ಕಾಯುತ್ತದೆ, ಕಂಪೋಸಿಟರ್‌ನ ಫ್ರೇಮ್ ಲೆಕ್ಕಾಚಾರಕ್ಕೆ ನಿಜವಾದ ಪರೀಕ್ಷೆ ಒದಗುತ್ತದೆ. ಆದರೆ ಪ್ಲೇನ್‌ಗಳ ಸಂಯೋಜನೆ ನಡೆಯುವುದು ಸಿಪಿಯುವಿನಲ್ಲಿ, ಪ್ರತ್ಯೇಕ ವರ್ಕ್‌ಕ್ಯೂನಲ್ಲಿ. ದೊಡ್ಡ ರೆಸಲ್ಯೂಶನ್‌ನಲ್ಲಿ ಹಲವು ಓವರ್‌ಲೇಗಳನ್ನು ಹಾಕಿದಾಗ ಆ ಕೆಲಸ ಟೈಮರ್‌ಗಿಂತ ಹಿಂದುಳಿಯುತ್ತದೆ. ಆಗ ಡ್ರೈವರ್ ಹಿಂದುಳಿದ ಫ್ರೇಮ್‌ಗಳಿಗೆಲ್ಲ ಒಂದೇ ಚೆಕ್‌ಸಮ್ಮನ್ನು ದಾಖಲಿಸಿ ಲೆಕ್ಕ ಸರಿದೂಗಿಸುತ್ತದೆ. ಇದು ದೋಷವಲ್ಲ, ವಿನ್ಯಾಸವೇ ಹಾಗಿದೆ. ಆದರೂ ಪ್ರತಿ ಫ್ರೇಮ್‌ನಲ್ಲಿ ಚಿತ್ರ ಬದಲಾಗುವ ಪರೀಕ್ಷೆಯನ್ನು ಬರೆಯುವವರು ಇದನ್ನು ತಿಳಿದಿರಬೇಕು, ಇಲ್ಲವಾದರೆ ಇಲ್ಲದ ತಪ್ಪೊಂದನ್ನು ಹುಡುಕುತ್ತ ಕೂರಬೇಕಾಗುತ್ತದೆ.

ಬಳಕೆಯಲ್ಲಿರುವ ಡೆಸ್ಕ್‌ಟಾಪ್‌ನಲ್ಲಿಯೇ ವಿಕೆಎಂಎಸ್ ಲೋಡ್ ಮಾಡುವುದು ಕಿರಿಕಿರಿಯ ಕೆಲಸ. ಹೊಸ ಕಾರ್ಡ್ ಬಂದದ್ದನ್ನು ಸಾಧನಗಳ ಮೇಲೆ ಕಣ್ಣಿಡುವ ಯುಡೆವ್ ತಿಳಿಸುತ್ತಿದ್ದಂತೆ ಕಂಪೋಸಿಟರ್ ಅದನ್ನು ಎರಡನೆಯ ಪರದೆಯೆಂದು ಸ್ವೀಕರಿಸುತ್ತದೆ, ಮೌಸ್ ಕರ್ಸರ್ ಅಂಚು ದಾಟಿ ಕಾಣದ ಕಡೆಗೆ ಹೋಗುತ್ತದೆ, ಕಿಟಕಿಗಳು ಅಲ್ಲಿಯೇ ತೆರೆದುಕೊಳ್ಳುತ್ತವೆ. ಗ್ನೋಮ್‌ನ ಮಟ್ಟರ್‌ಗೆ ಈ ಸಾಧನವನ್ನು ಕಡೆಗಣಿಸುವಂತೆ ಯುಡೆವ್ ಟ್ಯಾಗ್ ಮೂಲಕ ಹೇಳಬಹುದು. ಡಬ್ಲ್ಯುಎಲ್‌ರೂಟ್ಸ್ ಆಧಾರಿತ ಕಂಪೋಸಿಟರ್‌ಗಳಿಗೆ ಯಾವ ಕಾರ್ಡ್ ಬಳಸಬೇಕೆಂದು ಎನ್ವಿರಾನ್‌ಮೆಂಟ್ ವೇರಿಯಬಲ್ ಮೂಲಕ ಸೂಚಿಸಬಹುದು. ಕಾರ್ಡ್ ಸಂಖ್ಯೆಗಳು ಬೂಟ್‌ನಿಂದ ಬೂಟ್‌ಗೆ ಬದಲಾಗಬಹುದಾದ್ದರಿಂದ ಸ್ಕ್ರಿಪ್ಟ್‌ನಲ್ಲಿ ಸಂಖ್ಯೆಯನ್ನು ನೇರವಾಗಿ ಬರೆಯಬಾರದು. ಕರ್ನೆಲ್ ತನ್ನ ಸಾಧನಗಳನ್ನು ತೋರಿಸುವ ಸಿಸ್‌ಎಫ್‌ಎಸ್‌ನ ಹಾದಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ: ಹೊಸ ಕರ್ನೆಲ್‌ಗಳಲ್ಲಿ ವಿಕೆಎಂಎಸ್ ಪ್ಲಾಟ್‌ಫಾರ್ಮ್ ಬಸ್ಸಿನಿಂದ ಹಾರ್ಡ್‌ವೇರ್ ಇಲ್ಲದ ಸಾಧನಗಳಿಗಾಗಿರುವ ಫೋ (faux) ಬಸ್ಸಿಗೆ ಸ್ಥಳಾಂತರಗೊಂಡಿದೆ. ಡ್ರೈವರ್ ಹೆಸರಿನಿಂದ ಹುಡುಕುವುದೇ ಉತ್ತಮ.

ವರ್ಟಿಯೊ-ಜಿಪಿಯು ಇದಕ್ಕಿಂತ ಹಳೆಯದು, 2015ರ 4.2ನೇ ಆವೃತ್ತಿಯಿಂದಲೂ ಕರ್ನೆಲ್‌ನಲ್ಲಿದೆ. ಇದು ಶುದ್ಧ ಅನುಕರಣೆಯಲ್ಲ. ಅತಿಥಿ (ಕ್ಯೂಇಎಂಯು ಒಳಗೆ ಓಡುವ) ಯಂತ್ರದ ಡ್ರೈವರ್ ನಿಜವಾಗಿಯೂ ಆತಿಥೇಯ ಯಂತ್ರದ ಕ್ಯೂಇಎಂಯು ಜೊತೆ ಮಾತನಾಡುತ್ತದೆ. ವಿಕೆಎಂಎಸ್‌ಗೆ ಸುಲಭವಲ್ಲದ ಕೆಲವು ಕೆಲಸಗಳು ಇಲ್ಲಿ ತಾವಾಗಿಯೇ ಆಗುತ್ತವೆ. ಕ್ಯೂಇಎಂಯು ಕಿಟಕಿಯನ್ನು ಎಳೆದು ಹಿಗ್ಗಿಸಿದರೆ ಅತಿಥಿಗೆ ಪರದೆ ಬದಲಾಯಿತೆಂಬ ಹಾಟ್‌ಪ್ಲಗ್ ಘಟನೆ ತಲುಪಿ ಹೊಸ ಮೋಡ್ ಬರುತ್ತದೆ, ಕ್ಯೂಇಎಂಯು ತಾನೇ ರಚಿಸಿದ ಇಡಿಐಡಿಯನ್ನು (ಮಾನಿಟರ್ ತನ್ನ ಬಗ್ಗೆ ಕೊಡುವ ವಿವರ) ಒದಗಿಸುತ್ತದೆ, ಒಂದೇ ಸಾಧನದಲ್ಲಿ 16 ಔಟ್‌ಪುಟ್‌ಗಳವರೆಗೆ ಕೇಳಬಹುದು. ಹಾಟ್‌ಪ್ಲಗ್ ಮತ್ತು ಬಹುಪರದೆ ಜೋಡಣೆಯ ಪರೀಕ್ಷೆಗೆ ನಾನು ಇದನ್ನೇ ಆರಿಸುತ್ತೇನೆ. ಪಿಕ್ಸೆಲ್ ಪರೀಕ್ಷೆಗೆ ಮಾತ್ರ ಇದು ಒಗ್ಗುವುದಿಲ್ಲ. ಸಿಆರ್‌ಸಿ ಇಲ್ಲ, ರೈಟ್‌ಬ್ಯಾಕ್ ಇಲ್ಲ. ಕ್ಯೂಇಎಂಯು ಮಾನಿಟರ್‌ನಿಂದ ಸ್ಕ್ರೀನ್‌ಡಂಪ್ ತೆಗೆಯಬಹುದಾದರೂ ಕರ್ಸರನ್ನು ಆತಿಥೇಯವೇ ಬೇರೆಯಾಗಿ ಬಿಡಿಸುವುದರಿಂದ ಅದು ಆ ಚಿತ್ರದಲ್ಲಿ ಬರುವುದಿಲ್ಲ. ಜೊತೆಗೆ, ನಾನು ನೋಡಿದ ಕರ್ನೆಲ್‌ಗಳಲ್ಲಿ ಇದಕ್ಕೆ ವಿಬ್ಲ್ಯಾಂಕ್ ಇರಲಿಲ್ಲ. ಫ್ಲಿಪ್ ಮುಗಿದ ಸೂಚನೆ ಕಮಿಟ್‌ನ ಬೆನ್ನಿಗೇ ಬರುತ್ತಿದ್ದುದರಿಂದ ಫ್ರೇಮ್ ಗತಿಯ ಬಗ್ಗೆ ಅಲ್ಲಿ ಪಡೆದ ಯಾವ ಅಳತೆಗೂ ನಾನು ಬೆಲೆ ಕೊಡಲಿಲ್ಲ.

ಇವಿಡಿಐ ಹುಟ್ಟಿದ್ದು ಪರೀಕ್ಷೆಗಾಗಿ ಅಲ್ಲ. ಯುಎಸ್‌ಬಿ ಮೂಲಕ ಪರದೆ ಜೋಡಿಸುವ ಡಿಸ್‌ಪ್ಲೇಲಿಂಕ್ ಸಾಧನಗಳಿಗಾಗಿ. ಕರ್ನೆಲ್ ಮಾಡ್ಯೂಲ್ ಒಂದು ಕಡೆ, ಬಳಕೆದಾರ ಪದರದ ಲೈಬ್ರರಿ ಇನ್ನೊಂದು ಕಡೆ. ನಮ್ಮ ಪ್ರೋಗ್ರಾಂ ತನಗೆ ಬೇಕಾದ ಇಡಿಐಡಿಯನ್ನು ಕೊಟ್ಟು ಸಾಧನಕ್ಕೆ ಜೋಡಣೆಯಾಗುತ್ತದೆ, ಆಗ ಕನೆಕ್ಟರ್ ಜೀವ ತಳೆಯುತ್ತದೆ; ಬಳಿಕ ಬದಲಾದ ಆಯತಗಳ ಪಟ್ಟಿಯೊಂದಿಗೆ ಪಿಕ್ಸೆಲ್‌ಗಳು ನಮ್ಮ ಬಫರ್‌ಗೆ ಬರುತ್ತವೆ. ಪರದೆಯನ್ನು ಜಾಲದ ಮೂಲಕ ಇನ್ನೊಂದು ಯಂತ್ರಕ್ಕೆ ಕಳುಹಿಸುವಂಥ ಉಪಕರಣ ಕಟ್ಟುವವರಿಗೆ ನಾಲ್ಕರಲ್ಲಿ ಇದೇ ಸರಿಯಾದ ಆಯ್ಕೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ವಿಚಿತ್ರವಾದ ಇಡಿಐಡಿಗಳನ್ನು ಕೊಟ್ಟು ಕಂಪೋಸಿಟರ್ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡುವ ಸ್ವಾತಂತ್ರ್ಯವೂ ಇದರಲ್ಲಿದೆ. ಆದರೆ ಕರ್ನೆಲ್‌ನ ಒಳಗಿನ ಡಿಆರ್‌ಎಂ ಇಂಟರ್‌ಫೇಸ್ ಸ್ಥಿರವಲ್ಲ. ಮುಖ್ಯ ಮರದ ಹೊರಗಿರುವ ಯಾವುದೇ ಮಾಡ್ಯೂಲ್‌ನಂತೆ ಇದನ್ನೂ ಹೊಸ ಕರ್ನೆಲ್‌ಗೆ ಮತ್ತೆ ಹೊಂದಿಸಬೇಕಾಗುತ್ತದೆ, ಸೆಕ್ಯೂರ್ ಬೂಟ್ ಇರುವ ಯಂತ್ರದಲ್ಲಿ ಸಹಿ ಮಾಡಬೇಕಾಗುತ್ತದೆ, ಲೋಡ್ ಆದೊಡನೆ ಕರ್ನೆಲ್ ‘ಟೇಂಟ್’ ಆಗುತ್ತದೆ (ಹೊರಗಿನ ಕೋಡ್ ಸೇರಿದೆ ಎಂಬ ಗುರುತು ಬೀಳುತ್ತದೆ). ಕರ್ನೆಲ್ಲನ್ನೇ ಪರೀಕ್ಷಿಸಲು ಹೊರಟವರು ದಿನವೂ ಹೊಸ ಕರ್ನೆಲ್ ಬಿಲ್ಡ್ ಮಾಡುವವರು. ಅವರಿಗೆ ಇದು ಹೊರೆ.

ನಾಲ್ಕನೆಯ ದಾರಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬೂಟ್ ಪ್ಯಾರಾಮೀಟರ್ ಮೂಲಕ ಎಚ್‌ಡಿಎಂಐ ಪೋರ್ಟನ್ನು ಬಲವಂತವಾಗಿ ಸಕ್ರಿಯಗೊಳಿಸಿ, ಕಡತದಿಂದ ಇಡಿಐಡಿ ಕೊಟ್ಟರೆ ನಿಜವಾದ ಜಿಪಿಯು ನಿಜವಾದ ವೇಗದಲ್ಲಿ ಚಿತ್ರ ಬಿಡಿಸುತ್ತದೆ. ವಿಕೆಎಂಎಸ್‌ಗೆ ರೆಂಡರಿಂಗ್ ಹಾರ್ಡ್‌ವೇರ್ ಇಲ್ಲದೆ ಎಲ್ಲವೂ ಸಿಪಿಯುವಿನಲ್ಲಿ ನಡೆಯುವುದರಿಂದ, ಜಿಪಿಯು ಕಾರ್ಯಕ್ಷಮತೆ ಅಳೆಯುವವರಿಗೆ ಇದೊಂದೇ ಉಳಿಯುತ್ತದೆ. ಡಿಸ್‌ಪ್ಲೇಪೋರ್ಟ್‌ನಲ್ಲಿ ಆಚೆ ತುದಿಯ ಮಾನಿಟರ್ ಜೊತೆ ಲಿಂಕ್ ಟ್ರೈನಿಂಗ್ (ಸಂಪರ್ಕವನ್ನು ಎರಡೂ ಕಡೆ ಹೊಂದಿಸಿಕೊಳ್ಳುವುದು) ನಡೆಯಬೇಕಾದ್ದರಿಂದ ಅಲ್ಲಿ ಈ ಉಪಾಯವನ್ನು ನೆಚ್ಚಿಕೊಳ್ಳುವಂತಿಲ್ಲ.

ಈಗ ನಾನು ನಿತ್ಯ ಬಳಸುತ್ತಿರುವುದು ವಿಕೆಎಂಎಸ್ ಮತ್ತು ಕ್ಯೂಇಎಂಯುಗಳ ಮಿಶ್ರಣ: ಕ್ಯೂಇಎಂಯು ಅತಿಥಿಯನ್ನು ಯಾವ ಗ್ರಾಫಿಕ್ಸ್ ಸಾಧನವೂ ಇಲ್ಲದೆ ಸೀರಿಯಲ್ ಕನ್ಸೋಲ್‌ನೊಂದಿಗೆ ಎಬ್ಬಿಸಿ, ಅದರೊಳಗೆ ವಿಕೆಎಂಎಸ್ ಲೋಡ್ ಮಾಡುವುದು. ಕಾರ್ಡ್ ಒಂದೇ ಇರುವುದರಿಂದ ಸಂಖ್ಯೆಯ ಗೊಂದಲವಿಲ್ಲ, ಕಸಿದುಕೊಳ್ಳಲು ಕಂಪೋಸಿಟರ್ ಇಲ್ಲ, ಕರ್ನೆಲ್ ಪ್ಯಾನಿಕ್ ಆದರೆ ಅತಿಥಿ ಮಾತ್ರ ಬೀಳುತ್ತದೆ. ಮೆಮೊರಿ ಮತ್ತು ಲಾಕ್ ತಪ್ಪುಗಳನ್ನು ಹಿಡಿಯುವ ಕೇಸ್ಯಾನ್ ಮತ್ತು ಲಾಕ್‌ಡೆಪ್‌ಗಳನ್ನು ಸೇರಿಸಿ ಬಿಲ್ಡ್ ಮಾಡಿದ ಕರ್ನೆಲ್ ನಿಧಾನವಾದರೂ ಇಲ್ಲಿ ಯಾರಿಗೂ ತೊಂದರೆಯಿಲ್ಲ. ಬಿಡುಗಡೆಯಾದ ಮೆಮೊರಿಯನ್ನು ಮತ್ತೆ ಮುಟ್ಟುವಂಥ ತಪ್ಪುಗಳು, ಮಾಡ್ಯೂಲ್ ತೆಗೆಯುವ ಹೊತ್ತಿನಲ್ಲಿ ಕಡತವೊಂದು ತೆರೆದೇ ಇರುವಂಥ ಸಂದರ್ಭಗಳು, ಹೆಚ್ಚಾಗಿ ಹೊರಬೀಳುವುದು ಇಂಥ ಕರ್ನೆಲ್‌ನಲ್ಲಿಯೇ. ಇದರ ಮೇಲೆ ಡಿಆರ್‌ಎಂ ಡ್ರೈವರ್‌ಗಳಿಗಾಗಿರುವ ಐಜಿಟಿ ಪರೀಕ್ಷಾ ಸಂಗ್ರಹವನ್ನು ಓಡಿಸುವಾಗ ಡ್ರೈವರನ್ನು ಹೆಸರಿಸಿ ಬಲವಂತಪಡಿಸುತ್ತೇನೆ, ಮತ್ತು ಫ್ಲಿಪ್, ಕರ್ಸರ್ ಸಿಆರ್‌ಸಿ, ರೈಟ್‌ಬ್ಯಾಕ್ ಗುಂಪುಗಳಿಂದ ಆರಂಭಿಸುತ್ತೇನೆ. ಐಜಿಟಿ ತನಗೆ ಬೇಕಾದ ಸೌಲಭ್ಯ ಸಿಗದಿದ್ದಾಗ ಪರೀಕ್ಷೆಯನ್ನು ಸೋತಿತೆನ್ನದೆ ‘ಸ್ಕಿಪ್’ ಎಂದು ದಾಖಲಿಸುತ್ತದೆ, ಆದ್ದರಿಂದ ಓವರ್‌ಲೇ ಪ್ಯಾರಾಮೀಟರ್ ಕೊಡದೆ ಓಡಿಸಿದ ಸುತ್ತೊಂದು ಒಂದೂ ಸೋಲಿಲ್ಲದೆ ಮುಗಿಯಬಹುದು, ಪರೀಕ್ಷೆಗೆ ಒಳಗಾಗದೆ ಉಳಿದ ಓವರ್‌ಲೇ ಕೋಡ್ ಯಾರ ಕಣ್ಣಿಗೂ ಬೀಳದಿರಬಹುದು. ಪ್ರತಿ ಸುತ್ತಿನ ಸ್ಕಿಪ್ ಪಟ್ಟಿಯನ್ನು ಹಿಂದಿನ ಸುತ್ತಿನದರೊಂದಿಗೆ ಹೋಲಿಸಿ, ಹೊಸದಾಗಿ ಸ್ಕಿಪ್ ಆದ ಪರೀಕ್ಷೆ ಒಂದಿದ್ದರೂ ಅದನ್ನು ಸೋಲೆಂದೇ ಎಣಿಸುವಂತೆ ನನ್ನ ಸ್ಕ್ರಿಪ್ಟನ್ನು ಬರೆದುಕೊಂಡಿದ್ದೇನೆ.