ಎರಡು ಮಾನಿಟರ್, ಮೂರು ವರ್ಷ: ಲೆಕ್ಕ ಬರೆಯುವ ಟೇಬಲ್‌ನಿಂದ ಒಂದು ವಿಮರ್ಶೆ

ಬಳಸಿದ್ದು 24 ಇಂಚಿನ ಎರಡು ಫುಲ್ ಎಚ್‌ಡಿ ಐಪಿಎಸ್ (ಪಕ್ಕದಿಂದ ನೋಡಿದರೂ ಬಣ್ಣ ಅಷ್ಟಾಗಿ ಮಾಸದ ಪ್ಯಾನೆಲ್) ಮಾನಿಟರ್, ಅವನ್ನು ಎತ್ತಿ ಹಿಡಿಯಲು ಟೇಬಲ್ ಅಂಚಿಗೆ ಕಚ್ಚಿಸುವ ಒಂದು ಜೋಡಿ ಆರ್ಮ್, ವಿಂಡೋಸ್ 11 ಇರುವ ಡೆಸ್ಕ್‌ಟಾಪ್. ಜಾಗ ಬಸವನಗುಡಿಯ ಸಣ್ಣ ಆಫೀಸು. ಕೆಲಸ ಜಿಎಸ್‌ಟಿ ರಿಟರ್ನ್, ಬ್ಯಾಂಕ್ ತಾಳೆ, ಬಿಲ್ ಎಂಟ್ರಿ. ವಾರಕ್ಕೆ ಆರು ದಿನದಂತೆ ಮೂರು ವರ್ಷ ಆಯಿತು. ಒಂದನ್ನು ನೋಡಿ ಇನ್ನೊಂದರಲ್ಲಿ ಬರೆಯುವ ಕೆಲಸ ದಿನಕ್ಕೆ ಎರಡು ಗಂಟೆ ಇದ್ದರೂ ಸಾಕು, ಎರಡನೇ ಮಾನಿಟರ್ ಖಂಡಿತ ತೆಗೆದುಕೊಳ್ಳಿ. ಬರೀ ಮೇಲ್ ಓದಿ ಉತ್ತರ ಕೊಡುವ ಟೇಬಲ್ ಆದರೆ ಆ ದುಡ್ಡನ್ನು ಒಳ್ಳೆಯ ಕುರ್ಚಿಗೆ ಹಾಕಿ.

ಉಪಯೋಗ ಎಲ್ಲಿದೆ ಎಂದು ನೋಡಲು ಜಿಎಸ್‌ಟಿಆರ್-2ಬಿ (ಮಾಲು ಮಾರಿದವರು ಏರಿಸಿದ ಬಿಲ್ಲುಗಳಿಂದ ಜಿಎಸ್‌ಟಿ ಪೋರ್ಟಲ್ ಮಾಡಿಕೊಡುವ ಪಟ್ಟಿ) ತಾಳೆಯೇ ಸರಿಯಾದ ಪರೀಕ್ಷೆ. ತಿಂಗಳ 14ಕ್ಕೆ 2ಬಿ ಸಿದ್ಧವಾಗುತ್ತದೆ. ತಿಂಗಳ ರಿಟರ್ನ್ ಹಾಕುವವರಿಗೆ 3ಬಿ (ತೆರಿಗೆ ಕಟ್ಟುವ ಸಾರಾಂಶ ರಿಟರ್ನ್) ಗಡುವು 20. ನಡುವಿನ ಆ ಕೆಲವೇ ದಿನಗಳಲ್ಲಿ ಪೋರ್ಟಲ್‌ನಿಂದ ಇಳಿಸಿಕೊಂಡ ಎಕ್ಸೆಲ್ ಹಾಳೆಯನ್ನೂ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯ ಪರ್ಚೇಸ್ ರಿಜಿಸ್ಟರನ್ನೂ ತಾಳೆ ನೋಡಿ ಮುಗಿಸಬೇಕು. ಹೊಂದುವ ಸಾಲುಗಳನ್ನು ಫಾರ್ಮುಲಾ ತೆಗೆದುಹಾಕುತ್ತದೆ, ಹೊಂದದೆ ಉಳಿದವು ಕಣ್ಣಿನ ಪಾಲಿಗೆ ಬರುತ್ತವೆ. ನಮ್ಮ ಪುಸ್ತಕದಲ್ಲಿ ‘ಬಿಎಲ್‌ಆರ್/24-25/0087’ ಎಂದಿರುವ ಬಿಲ್ಲನ್ನು ಮಾಲು ಮಾರಿದವರು ಬರೀ ‘87’ ಎಂದು ಏರಿಸಿರುತ್ತಾರೆ. ಇಂಥದ್ದನ್ನು ಒಂದೇ ಸ್ಕ್ರೀನ್‌ನಲ್ಲಿ ಹುಡುಕಲು ಹೊರಟರೆ 15 ಅಕ್ಷರದ ಜಿಎಸ್‌ಟಿಐಎನ್ (ಜಿಎಸ್‌ಟಿ ನೋಂದಣಿ ನಂಬರ್), ಬಿಲ್ ನಂಬರ್, ತೆರಿಗೆ ಮೊತ್ತ ಮೂರನ್ನೂ ತಲೆಯಲ್ಲಿ ಹೊತ್ತುಕೊಂಡು ಆಲ್ಟ್-ಟ್ಯಾಬ್ ಒತ್ತಬೇಕು. ಕರ್ನಾಟಕದವರ ನಂಬರ್‌ಗಳೆಲ್ಲ 29ರಿಂದಲೇ ಶುರುವಾಗುವುದರಿಂದ ಮೊದಲೆರಡು ಅಂಕಿ ಗುರುತಿಗೆ ಬರುವುದಿಲ್ಲ. ದಾರಿಯಲ್ಲಿ 18,450 ಹೋಗಿ 18,540 ಆಗಿಬಿಡುತ್ತದೆ. ವ್ಯತ್ಯಾಸ 9ರಿಂದ ಭಾಗವಾದರೆ ಅಂಕಿ ಅದಲುಬದಲಾಗಿರಬಹುದು ಎಂದು ಲೆಕ್ಕ ಬರೆಯುವವರು ಮೊದಲು ಅನುಮಾನಿಸುವುದು ಇದಕ್ಕೇ. ಎರಡೂ ಹಾಳೆ ಅಕ್ಕಪಕ್ಕ ತೆರೆದಿದ್ದರೆ ತಲೆಯಲ್ಲಿ ಹೊರುವ ಪ್ರಸಂಗವೇ ಬರುವುದಿಲ್ಲ. ನಮಗೆ ಸಮಯ ಉಳಿದದ್ದು ಮುಖ್ಯವಾಗಿ ಇಲ್ಲಿ: ಬರೆಯುವ ವೇಗ ಸ್ವಲ್ಪವೇ ಹೆಚ್ಚಿತು, ತಪ್ಪು ಹುಡುಕಲು ಕೂರುವ ಸಂಜೆಗಳು ಬಹಳ ಕಡಿಮೆಯಾದವು.

ಆದರೆ ಜೋಡಿ ಸ್ಕ್ರೀನ್ ತನ್ನದೇ ಒಂದು ತಪ್ಪನ್ನೂ ತರುತ್ತದೆ, ಮಾರುವವರು ಇದನ್ನು ಹೇಳುವುದಿಲ್ಲ. ಕಣ್ಣು ಬಲಗಡೆ ಇರುತ್ತದೆ, ಕೀಬೋರ್ಡಿನ ಹಿಡಿತ ಇನ್ನೂ ಎಡಗಡೆಯ ವಿಂಡೋದಲ್ಲೇ ಇರುತ್ತದೆ. ಟ್ಯಾಲಿಗೆ ಎಂದು ಒತ್ತಿದ ಮೊತ್ತ ಸದ್ದಿಲ್ಲದೆ 2ಬಿ ಹಾಳೆಯ ಯಾವುದೋ ಖಾನೆಯಲ್ಲಿ ಕೂರುತ್ತದೆ. ಕೀಲಿಗಳಲ್ಲೇ ಓಡುವ ಟ್ಯಾಲಿಯವರಿಗೆ, ಮೌಸ್ ಮುಟ್ಟುವ ಅಭ್ಯಾಸ ಕಡಿಮೆ ಇರುವುದರಿಂದ, ಈ ಅಪಾಯ ಹೆಚ್ಚು. ಎರಡು ಉಪಾಯ ಮಾಡಿಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ಪರ್ಸನಲೈಸೇಷನ್, ಅಲ್ಲಿ ಕಲರ್ಸ್‌ಗೆ ಹೋಗಿ ಟೈಟಲ್ ಬಾರ್ ಮತ್ತು ಅಂಚಿಗೆ ಆಕ್ಸೆಂಟ್ ಬಣ್ಣ ತೋರಿಸುವ ಸ್ವಿಚ್ ಹಾಕಿ, ಕಡು ಬಣ್ಣ ಆರಿಸಿ. ಕೀಬೋರ್ಡ್ ಯಾವ ವಿಂಡೋದಲ್ಲಿದೆಯೋ ಅದು ಕಣ್ಣಿಗೆ ಹೊಡೆಯುತ್ತದೆ. ಎರಡನೆಯದು, ಪೋರ್ಟಲ್‌ನಿಂದ ಇಳಿಸಿದ ಫೈಲನ್ನು ರೀಡ್-ಓನ್ಲಿ ಮಾಡಿ ತೆರೆಯಿರಿ, ಗುರುತು ಹಾಕುವುದಕ್ಕೆ ಬೇರೆ ಪ್ರತಿ ಇಟ್ಟುಕೊಳ್ಳಿ.

ಟೇಬಲ್ ವಿಷಯಕ್ಕೆ ಬರೋಣ. 24 ಇಂಚಿನ ಮಾನಿಟರ್ ಸುಮಾರು 54 ಸೆಂ.ಮೀ. ಅಗಲ. ಎರಡು ಸೇರಿ 108. ನಾಲ್ಕಡಿ ಟೇಬಲ್ 122 ಸೆಂ.ಮೀ. ಇರುವುದರಿಂದ ಅಗಲಕ್ಕೆ ತೊಂದರೆ ಇಲ್ಲ, ತೊಂದರೆ ಆಳದಲ್ಲಿ. ನಮ್ಮ ಆಫೀಸುಗಳ ಟೇಬಲ್ ಎರಡಡಿ ಆಳ. ಮಾನಿಟರ್ ಜೊತೆ ಬರುವ ಸ್ಟ್ಯಾಂಡ್ ಅದರಲ್ಲಿ ಒಂದು ಗೇಣು ನುಂಗುತ್ತದೆ, ಕಣ್ಣಿಗೂ ಸ್ಕ್ರೀನಿಗೂ 40 ಸೆಂ.ಮೀ. ಉಳಿದರೆ ಹೆಚ್ಚು. ಬೇಕಾದದ್ದು ಒಂದು ತೋಳಿನಳತೆ, ಅಂದರೆ 50ರಿಂದ 75. ಅದಕ್ಕೇ ಆರ್ಮ್ ಬೇಕು. ಕೊಳ್ಳುವ ಮೊದಲು ಮಾನಿಟರ್ ಬೆನ್ನಲ್ಲಿ 75 ಅಥವಾ 100 ಮಿ.ಮೀ. ಅಂತರದಲ್ಲಿ ಆರ್ಮ್ ಬಿಗಿಯುವ ನಾಲ್ಕು ವೆಸಾ ತೂತು ಇವೆಯೇ ನೋಡಿ, ಅಗ್ಗದ ಕೆಲವು ಮಾಡೆಲ್‌ಗಳಲ್ಲಿ ಇರುವುದಿಲ್ಲ. ಅಲ್ಲಿಗೆ ಹಾಕುವುದು ಎಂ4 ಸ್ಕ್ರೂ. ಉದ್ದ ಹೆಚ್ಚಾದದ್ದನ್ನು ಬಲವಂತವಾಗಿ ತಿರುಗಿಸಿದರೆ ಒಳಗಿನ ಬೋರ್ಡಿಗೆ ತಾಗೀತು.

ಆರ್ಮ್‌ನ ಕ್ಲಾಂಪ್ (ಟೇಬಲ್ ಅಂಚನ್ನು ಕಚ್ಚುವ ಭಾಗ) ಕೂರಿಸುವಾಗ ಅವಸರ ಬೇಡ. 18 ಮಿ.ಮೀ. ಪಾರ್ಟಿಕಲ್ ಬೋರ್ಡ್ ಟೇಬಲ್ ಮೇಲೆ ಎರಡು ಮಾನಿಟರಿನ ಭಾರವೆಲ್ಲ ಅಂಗೈಯಗಲದ ಜಾಗದ ಮೇಲೆ ಬೀಳುತ್ತದೆ. ಆರೇಳು ತಿಂಗಳಲ್ಲಿ ಬೋರ್ಡ್ ಅಮುಕಿ, ಆರ್ಮ್ ಮುಂದಕ್ಕೆ ವಾಲುತ್ತದೆ. ಕ್ಲಾಂಪ್‌ನ ಮೇಲೊಂದು ಕೆಳಗೊಂದು 15 ಸೆಂ.ಮೀ. ಚೌಕದ ಪ್ಲೈವುಡ್ ತುಂಡು ಅಥವಾ ಕಬ್ಬಿಣದ ಪಟ್ಟಿ ಕೊಟ್ಟರೆ ಭಾರ ಹರಡುತ್ತದೆ. ಗಾಜಿನ ಟೇಬಲ್‌ಗೆ ಕ್ಲಾಂಪ್ ಹಾಕಲೇಬೇಡಿ. ಟೇಬಲ್ ಗೋಡೆಗೆ ಅಂಟಿಕೊಂಡಿದ್ದರೆ ಹಿಂದೆ ನಾಲ್ಕೈದು ಬೆರಳು ಜಾಗ ಬಿಡಿ, ಇಲ್ಲದಿದ್ದರೆ ಆರ್ಮ್‌ನ ಮೊಣಕೈ ಗೋಡೆಗೆ ಬಡಿಯುತ್ತದೆ. ಗ್ಯಾಸ್ ಸ್ಪ್ರಿಂಗ್ ಆರ್ಮ್ ಆದರೆ ಮಾನಿಟರ್ ತಾನಾಗಿ ಮೇಲೇಳುವುದೋ ಕೆಳಗಿಳಿಯುವುದೋ ಆಗುತ್ತದೆ. ಅದು ಹಾಳಾದದ್ದಲ್ಲ. ಸ್ಟ್ಯಾಂಡ್ ಬಿಟ್ಟು ಮಾನಿಟರ್ ತೂಕ ಸುಮಾರು 3 ಕಿಲೋ, ಆರ್ಮ್ ಅದಕ್ಕಿಂತ ಭಾರಕ್ಕೆ ಬಿಗಿದಿದ್ದರೆ ಮೇಲೇಳುತ್ತದೆ, ಹಗುರಕ್ಕೆ ಬಿಗಿದಿದ್ದರೆ ಇಳಿಯುತ್ತದೆ. ಅಲೆನ್ ಕೀಯಿಂದ ಕಾಲು ಸುತ್ತಿನಂತೆ, ಎದ್ದರೆ ಸಡಿಲಿಸುತ್ತ, ಇಳಿದರೆ ಬಿಗಿಸುತ್ತ, ಕೈ ಬಿಟ್ಟಲ್ಲೇ ನಿಲ್ಲುವ ತನಕ ಹೊಂದಿಸಿ.

ಕೂರಿಸುವ ರೀತಿ ಕೆಲಸದ ಮೇಲೆ ನಿಂತಿದೆ. ಹೆಚ್ಚು ಹೊತ್ತು ಒಂದನ್ನೇ ನೋಡುವುದಾದರೆ ಅದು ಮೂಗಿನ ನೇರಕ್ಕಿರಲಿ, ಇನ್ನೊಂದು ಪಕ್ಕದಲ್ಲಿ ಸ್ವಲ್ಪ ಒಳಕ್ಕೆ ತಿರುಗಿರಲಿ. ತಾಳೆ ನೋಡುವ ವಾರದಲ್ಲಿ ಎರಡನ್ನೂ ಸಮ ನೋಡುತ್ತೀರಿ, ಆಗ ಎರಡರ ಸಂದು ಮೂಗಿನ ನೇರಕ್ಕೆ ಬರಬೇಕು. ಆರ್ಮ್ ಇದ್ದರೆ ಈ ಬದಲಾವಣೆ ಅರ್ಧ ನಿಮಿಷದ ಕೆಲಸ. ಸ್ಕ್ರೀನಿನ ಮೇಲಂಚು ಕಣ್ಣಿನ ಮಟ್ಟಕ್ಕಿರಲಿ. ಚಾಳೀಸು ಬಂದು ಪ್ರೋಗ್ರೆಸ್ಸಿವ್ ಕನ್ನಡಕ ಹಾಕುವವರು ಇನ್ನೂ ನಾಲ್ಕೈದು ಸೆಂ.ಮೀ. ಇಳಿಸಬೇಕು, ಇಲ್ಲದಿದ್ದರೆ ಕೆಳಗಿನ ಗಾಜಿನಲ್ಲಿ ನೋಡಲು ಗದ್ದ ಎತ್ತಿ ಎತ್ತಿ ಕುತ್ತಿಗೆ ಹಿಡಿಯುತ್ತದೆ. ಒಂದನ್ನು ಉದ್ದಕ್ಕೆ ತಿರುಗಿಸಿದರೆ ಇಡೀ ಎ4 ಪುಟ ಕಾಣುತ್ತದೆ. ನೋಟಿಸು, ಆದೇಶ ಓದುವವರಿಗೆ ಇದು ವರವೇ ಸರಿ. ಐಪಿಎಸ್ ತೆಗೆದುಕೊಳ್ಳಿ ಎನ್ನುವುದೂ ಅದಕ್ಕೆ. ಟಿಎನ್ ಪ್ಯಾನೆಲನ್ನು ಉದ್ದಕ್ಕೆ ನಿಲ್ಲಿಸಿದರೆ ತಲೆ ಸ್ವಲ್ಪ ಪಕ್ಕಕ್ಕೆ ಸರಿದರೂ ಬಣ್ಣ ಮಾಸುತ್ತದೆ.

ದೊಡ್ಡದು ಬೇಕೆಂದು 27 ಇಂಚಿನಲ್ಲೂ ಫುಲ್ ಎಚ್‌ಡಿ ಕೊಳ್ಳಬೇಡಿ. 24ರಲ್ಲಿ ಇಂಚಿಗೆ 92 ಚುಕ್ಕಿ, 27ರಲ್ಲಿ 82 ಮಾತ್ರ. ಇಂಗ್ಲಿಷ್ ಅಕ್ಷರ ಹೇಗೋ ನಡೆಯುತ್ತದೆ. ಕನ್ನಡದ ಒತ್ತಕ್ಷರ, ಅದರಲ್ಲೂ ಸಣ್ಣ ಅಳತೆಯ ‘ಷ್ಟ್ರ’, ‘ಕ್ಷ್ಮ’ ಕಲಸಿಹೋಗುತ್ತವೆ. 27 ಬೇಕಾದರೆ ಹೆಚ್ಚು ಚುಕ್ಕಿ ಇರುವ ಕ್ಯೂಎಚ್‌ಡಿ ನೋಡಿ.

ಕನೆಕ್ಷನ್‌ನಲ್ಲಿ ಜನ ದುಡ್ಡು ಕಳೆದುಕೊಳ್ಳುವುದು ಎಚ್‌ಡಿಎಂಐ ಸ್ಪ್ಲಿಟರ್‌ನಲ್ಲಿ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್‌ಪಿ ರೋಡಿನಲ್ಲಿ ‘ಎರಡು ಮಾನಿಟರ್‌ಗೆ ಬೇಕು’ ಎಂದಷ್ಟೇ ಕೇಳಿದರೆ ಅದು ಕೈಗೆ ಬರುವ ಸಾಧ್ಯತೆ ಇದೆ. ಸ್ಪ್ಲಿಟರ್ ಒಂದೇ ಚಿತ್ರವನ್ನು ಎರಡು ಕಡೆ ತೋರಿಸುತ್ತದೆ, ಹರವು ಹೆಚ್ಚಿಸುವುದಿಲ್ಲ. ಸಿಪಿಯು ಬೆನ್ನಲ್ಲಿ ಎರಡು ಪೋರ್ಟ್ ಇರಬೇಕು. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಎರಡೂ ಕೇಬಲ್ ಅದಕ್ಕೇ ಹೋಗಲಿ. ಒಂದು ಕಾರ್ಡಿಗೆ, ಒಂದು ಮದರ್‌ಬೋರ್ಡಿಗೆ ಹಾಕಿದರೆ ಎರಡನೆಯದು ಕಪ್ಪಗೇ ಕೂರುವುದು ಮಾಮೂಲು. ಲ್ಯಾಪ್‌ಟಾಪಿನ ಟೈಪ್-ಸಿ ಎಲ್ಲವೂ ಚಿತ್ರ ಕೊಡುವುದಿಲ್ಲ, ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ ಇದೆಯೇ ಕೇಳಿ. ಎಂ1, ಎಂ2 ಮ್ಯಾಕ್‌ಬುಕ್ ಏರ್ ಹೊರಗಿನ ಒಂದೇ ಮಾನಿಟರನ್ನು ನೇರವಾಗಿ ನಡೆಸುತ್ತವೆ. ಎರಡು ಬೇಕಾದರೆ ಡಿಸ್‌ಪ್ಲೇಲಿಂಕ್ ಅಡಾಪ್ಟರ್, ಅದರ ಡ್ರೈವರ್ ಬೇಕು. ಆರ್ಮ್ ಇರುವಲ್ಲಿ ಕೇಬಲ್ 2 ಮೀಟರ್‌ಗಿಂತ ಕಡಿಮೆ ಬೇಡ. ಗಿಡ್ಡ ಕೇಬಲ್ ಪ್ರತಿ ಸಲ ಎಳೆದು ಪೋರ್ಟನ್ನೇ ಸಡಿಲ ಮಾಡುತ್ತದೆ. ನಮ್ಮಲ್ಲಿ ಮೂರು ವರ್ಷದಲ್ಲಿ ಮೊದಲು ಕೈಕೊಟ್ಟದ್ದು ಅದೇ. ಪ್ಯಾನೆಲ್ ಎರಡೂ ಇವತ್ತಿಗೂ ಚೆನ್ನಾಗಿವೆ.

ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ 1, 2 ಎಂಬ ಚೌಕಗಳನ್ನು ಟೇಬಲ್ ಮೇಲಿರುವಂತೆಯೇ ಎಳೆದು ಅಂಚು ಕೂಡಿಸಿ, ಇಲ್ಲದಿದ್ದರೆ ಮೌಸ್ ಗೋಡೆಗೆ ತಾಗಿದಂತೆ ನಿಲ್ಲುತ್ತದೆ. ವಿಂಡೋಸ್ ಕೀ, ಶಿಫ್ಟ್, ಬಾಣ ಒತ್ತಿದರೆ ವಿಂಡೋ ಪಕ್ಕದ ಸ್ಕ್ರೀನಿಗೆ ಹೋಗುತ್ತದೆ. ಎಕ್ಸೆಲ್ 2010ರಲ್ಲೇ ಇರುವವರಿಗೆ ಎರಡು ಫೈಲ್ ಒಂದೇ ವಿಂಡೋದಲ್ಲಿ ತೆರೆಯುತ್ತವೆ. 2013ರಿಂದೀಚೆಗೆ ಪ್ರತಿ ಫೈಲಿಗೂ ಬೇರೆ ವಿಂಡೋ. ಎರಡರ ಬೆಳಕು ಸಮ ಮಾಡಲು ಖಾಲಿ ಎಕ್ಸೆಲ್ ಹಾಳೆ ಎರಡೂ ಕಡೆ ತೆರೆದು, ಹೆಚ್ಚು ಉರಿಯುವುದನ್ನು ಇಳಿಸುತ್ತ ಬನ್ನಿ.

ಕರೆಂಟ್ ಖರ್ಚು ದೊಡ್ಡದಲ್ಲ. ಒಂದಕ್ಕೆ ಸುಮಾರು 25 ವಾಟ್ ಹಿಡಿದರೆ ದಿನಕ್ಕೆ 8 ಗಂಟೆಗೆ 0.2 ಯೂನಿಟ್. ಯೋಚಿಸಬೇಕಾದದ್ದು ಯುಪಿಎಸ್ ಬಗ್ಗೆ. ಸಾಕೆಟ್ ಸಾಲದೆಂದು ಎರಡನೆಯದನ್ನು ಗೋಡೆಯ ಪ್ಲಗ್ಗಿಗೆ ಹಾಕುವವರಿದ್ದಾರೆ. ಕರೆಂಟ್ ಹೋದ ಕ್ಷಣ ಅದು ಆರಿ, ಅದರಲ್ಲಿದ್ದ ವಿಂಡೋಗಳೆಲ್ಲ ಮೊದಲನೆಯದರ ಮೇಲೆ ಗುಡ್ಡೆ ಬೀಳುತ್ತವೆ, ಸೇವ್ ಮಾಡಬೇಕಾದದ್ದು ಯಾವುದೆಂದು ಹುಡುಕುವಷ್ಟರಲ್ಲಿ ಬ್ಯಾಟರಿ ಕೂಗುತ್ತಿರುತ್ತದೆ. ಎರಡೂ ಯುಪಿಎಸ್ ಮೇಲೇ ಇರಲಿ.

ಎರಡನ್ನೂ ಒಟ್ಟಿಗೆ, ಒಂದೇ ಮಾಡೆಲ್ ಕೊಳ್ಳಿ. ವರ್ಷ ಬಿಟ್ಟು ಹೋದರೆ ಅದೇ ಮಾಡೆಲ್ ಸಿಗುವುದು ಕಷ್ಟ, ಬೇರೆಯದು ತಂದರೆ ಬಿಳಿ ಒಂದರಲ್ಲಿ ನೀಲಿಗೆ, ಇನ್ನೊಂದರಲ್ಲಿ ಹಳದಿಗೆ ತಿರುಗಿರುತ್ತದೆ. ಬಿಲ್ಲಿನಲ್ಲಿ ಆಫೀಸಿನ ಜಿಎಸ್‌ಟಿಐಎನ್ ಬರೆಸಿ, 18 ಶೇಕಡಾ ತೆರಿಗೆಯ ಇನ್‌ಪುಟ್ ಕ್ರೆಡಿಟ್ (ಕಟ್ಟಬೇಕಾದ ಜಿಎಸ್‌ಟಿಯಲ್ಲಿ ವಜಾ) ಸಿಗುತ್ತದೆ. ಅಂಗಡಿಯಲ್ಲೇ ಆನ್ ಮಾಡಿಸಿ, ಬಿಳಿ ಮತ್ತು ಕಪ್ಪು ಹಿನ್ನೆಲೆಯಲ್ಲಿ ಸತ್ತ ಚುಕ್ಕಿ ಇದೆಯೇ ನೋಡಿಯೇ ಹಣ ಕೊಡಿ.