0, −5, −10: ಗೇನ್ ಹೊಂದಿಸಲು ಯಾವ ಟೋನ್?

ಆಂಪ್ಲಿಫೈಯರ್‌ನ ಗೇನ್ (ಒಳಬರುವ ಸಿಗ್ನಲ್ ಎಷ್ಟು ಪಟ್ಟು ಹಿಗ್ಗಬೇಕು ಅನ್ನುವ ತಿರುಗುಣಿ) ಹೊಂದಿಸಲು ಟೆಸ್ಟ್ ಟೋನ್, ಅಂದರೆ ಒಂದೇ ಸಮನೆ ಬರುವ ಒಂದೇ ಸ್ವರ ಬೇಕು ಅನ್ನುವುದಕ್ಕೆ ಯಾರ ತಕರಾರೂ ಇಲ್ಲ. ಜಗಳ ಇರುವುದು ಅದು ಎಷ್ಟು ಡೆಸಿಬಲ್‌ನದ್ದಾಗಿರಬೇಕು ಅನ್ನುವುದರಲ್ಲಿ. 0 ಅಂದರೆ ರೆಕಾರ್ಡಿಂಗ್ ಮುಟ್ಟಬಹುದಾದ ಗರಿಷ್ಠ ಮಟ್ಟ, −5, −10 ಅದಕ್ಕಿಂತ ಅಷ್ಟಷ್ಟು ಕೆಳಗೆ. ಹಾಗಾಗಿ ಈ ಮೂರನ್ನೂ ಒಂದೇ ಆಂಪ್‌ನಲ್ಲಿ ಹಾಕಿ ನೋಡಿದೆ. ಅದು 4 ಓಂ ಸ್ಪೀಕರ್‌ಗೆ ಹೆಚ್ಚೆಂದರೆ 100 ವಾಟ್ ಕೊಡುತ್ತದೆ. 100ನ್ನು 4ರಿಂದ ಗುಣಿಸಿ ವರ್ಗಮೂಲ ತೆಗೆದರೆ 20 ವೋಲ್ಟ್. ಮೂರು ಸಲವೂ ವಾಲ್ಯೂಮ್ ಒಂದೇ ಕಡೆ ಇಟ್ಟು, ಮಲ್ಟಿಮೀಟರ್ 20 ತೋರಿಸುವವರೆಗೆ ಗೇನ್ ತಿರುಗಿಸಿದೆ. ಸ್ಪೀಕರ್ ತಂತಿ ಬಿಚ್ಚಿಟ್ಟಿದ್ದೆ.

ಬಿಚ್ಚಿಡುವ ಬುದ್ಧಿ ಬಂದದ್ದು ಹಿಂದೊಮ್ಮೆ ಟ್ವೀಟರ್ (ಮೇಲುಸ್ವರದ ಪುಟ್ಟ ಸ್ಪೀಕರ್) ಸುಟ್ಟುಕೊಂಡ ಮೇಲೆ. ಡಬ್ಬಿಯ ಮೇಲೆ 100 ವಾಟ್ ಅಂತಿತ್ತು, ನಂಬಿ 5 ಕಿಲೋಹರ್ಟ್ಸ್ ಟೋನ್ ಹಾಕಿದ್ದೆ. ಆ ಲೆಕ್ಕ ಹಾಡಿಗೆ ಹೇಳಿದ್ದು. ಹಾಡಿನ ಶಕ್ತಿ ಹೆಚ್ಚಾಗಿ ಕೆಳಸ್ವರಗಳಲ್ಲೇ ಇರುತ್ತದೆ, ಟ್ವೀಟರ್‌ಗೆ ಸಿಗುವುದು ಕೆಲವೇ ವಾಟ್. ಬಿಡದೆ ಕೂಗುವ ಟೋನ್ ಬಂದರೆ ಅದರ ಕೂದಲೆಳೆಯಂಥ ತಂತಿಯ ಸುರುಳಿ, ಅಂದರೆ ಕಾಯಿಲ್, ತಡೆಯುವುದಿಲ್ಲ.

0 ಡೆಸಿಬಲ್‌ನಲ್ಲಿ ಹೊಂದಿಸಿ, ತಂತಿ ಮತ್ತೆ ಜೋಡಿಸಿ ಹಾಡು ಹಾಕಿದರೆ ಎಲ್ಲ ಸ್ವಚ್ಛ, ಆದರೆ ಸ್ವಲ್ಪ ಸಪ್ಪೆ. ಹಾಡಿನ ಸರಾಸರಿ ಮಟ್ಟ ಶಿಖರಕ್ಕಿಂತ 10 ಡೆಸಿಬಲ್ ಅಥವಾ ಇನ್ನೂ ಕೆಳಗಿರುತ್ತದಲ್ವಾ, ಅಂದರೆ 100 ವಾಟ್ ಆಂಪ್ ನಿಜಕ್ಕೂ ಕೊಡುವುದು 10 ವಾಟ್ ಸುತ್ತಮುತ್ತ.

−10 ನನಗೆ ಹಿಡಿಸಲಿಲ್ಲ. ಆ ಟೋನ್‌ಗೇ 20 ವೋಲ್ಟ್ ಕೊಟ್ಟರೆ, ಹಾಡಿನ ಶಿಖರ 0 ಮುಟ್ಟಿದಾಗ 63 ವೋಲ್ಟ್, ಅಂದರೆ 1000 ವಾಟ್ ಕೇಳಿದಂತೆ. ಆಂಪ್ ಎಲ್ಲಿಂದ ತರಬೇಕು? ಅಲೆಯ ತಲೆ ಕತ್ತರಿಸುತ್ತದೆ. ಅಲೆ ಪೂರ್ತಿ ಚೌಕವಾದರೆ, ಅಷ್ಟೇ ಎತ್ತರದ ಶುದ್ಧ ಟೋನ್‌ನ ಎರಡು ಪಟ್ಟು ಶಕ್ತಿ ಕಾಯಿಲ್‌ಗೆ ಹೋಗುತ್ತದೆ. ಹಳೆಯ, ಮೆಲ್ಲನೆ ರೆಕಾರ್ಡ್ ಮಾಡಿದ ಹಾಡುಗಳು ಚೆನ್ನಾಗೇ ಕೇಳಿದವು. ಈಚಿನ ಜೋರು ಹಾಡು ಹಾಕಿದೆ ನೋಡಿ, ಕರ್ಕಶ.

−5ರಲ್ಲಿ ಶಿಖರಕ್ಕೆ ಬೇಕಾದದ್ದು ಸುಮಾರು 36 ವೋಲ್ಟ್, 316 ವಾಟ್. ಇಲ್ಲೂ ಕತ್ತರಿ ಬೀಳುತ್ತದೆ. ಡ್ರಮ್ ಪೆಟ್ಟಿನ ತುದಿ ಹೋದದ್ದು ಕೆಳಸ್ವರದ ದೊಡ್ಡ ಸ್ಪೀಕರ್ ಆದ ವೂಫರ್‌ನಲ್ಲಿ ನನ್ನ ಕಿವಿಗೆ ಗೊತ್ತಾಗಲಿಲ್ಲ, ಹಾಡುವವರ ದನಿಯಲ್ಲಿ ಮಾತ್ರ 'ಸ' ಚುಚ್ಚಿತು. ಹಾಗಾಗಿ ವೂಫರ್‌ಗೆ 40 ಹರ್ಟ್ಸ್‌ನ −5, ಮುಂದಿನ ಸ್ಪೀಕರ್‌ಗಳಿಗೆ 1 ಕಿಲೋಹರ್ಟ್ಸ್‌ನ 0 ಇಟ್ಟುಕೊಂಡೆ.

ಪಿಂಕ್ ನಾಯ್ಸ್ (ಎಲ್ಲ ಸ್ವರಗಳೂ ಬೆರೆತ ಸುಯ್ ಸದ್ದು) ಕೂಡ ನೋಡಿದೆ. ಮೀಟರ್‌ನ ಅಂಕಿ ಸುಮ್ನೆ ಕುಣಿಯುತ್ತದೆ. ಎಡ-ಬಲ ಸಮ ಮಾಡಲು ಸರಿ, ಗೇನ್‌ಗೆ ಬೇಡ.

ಕೆಳಸ್ವರ ಏರಿಸುವ ಬಾಸ್ ಬೂಸ್ಟನ್ನು ಮೊದಲೇ ಸೊನ್ನೆಗೆ ತಂದಿದ್ದೆ. 6 ಡೆಸಿಬಲ್ ಏರಿಸಿದರೆ ನಾಲ್ಕು ಪಟ್ಟು ವಾಟ್ ಕೇಳಿದಂತೆ, ಆಮೇಲೆ ಈ ಲೆಕ್ಕವೆಲ್ಲ ನೀರಿಗೆ ಹಾಕಿದ ಹಾಗೆ.